ಹುಲಿಗೆಪ್ಪನ ಕೊನೆಯ ನುಡಿ

ಸಂಕ್ರಮಣ ಮುಗಿದು ಹತ್ತು ದಿನವಾಗಿತ್ತು. ಅಳವಂಡಿಯ ಎರೆಹೊಲಗಳಲ್ಲಿ ಕಡಲೆ ಕೀಳುವ ಕೆಲಸ ಜೋರಾಗಿ ನಡೆದಿತ್ತು. ಇಬ್ಬನಿ ಆರುವುದರೊಳಗೆ ಕಡಲೆ ಕೀಳಬೇಕು. ಬಿಸಿಲೇರಿದರೆ ಕಾಯಿ ಉದುರಿ ನೆಲದ ಬಿರುಕಿಗೆ ಇಳಿದುಬಿಡುತ್ತವೆ. ಹೊತ್ತು ಮೂಡುವ ಮೊದಲೇ ನಾಲ್ವರು ಹೆಂಗಸರು ಸಾಲು ಹಿಡಿದಿದ್ದರು. ಗಿಡದ ಹುಳಿ ತಗುಲಿ ಬೆರಳ ಸೀಳುಗಳು ಉರಿಯುತ್ತವೆಂದು ಹಂಪವ್ವ ಅಂಗೈಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡಿದ್ದಳು. ಐವತ್ತೈದು ದಾಟಿದ್ದರೂ ಸಾಲಿನಲ್ಲಿ ಅವಳೇ ಮುಂದು. ಹಿಂದೆ ಅಮರಮ್ಮ, ಫಕೀರಮ್ಮ, ಎಲ್ಲರ ಕೊನೆಗೆ ಕಾಲೇಜಿಗೆ ಸೂಟಿ ಇದ್ದುದರಿಂದ ಬಂದಿದ್ದ ಫಕೀರಮ್ಮನ ಮಗಳು ಶ್ವೇತಾ.

"ದೊಡ್ಡವ್ವಾ, ರಾತ್ರಿ ಬಂದೈತ್ ನೋಡ್ರಿ!" ಶ್ವೇತಾ ಫೋನು ಎತ್ತಿ ಕೂಗಿದಳು. "ಎರಿಮಣ್ಣಿನವ್ರ ಎರಡನೇ ಆಲ್ಬಮ್ಮು. ನಿಮ್ಮಪ್ಪನ ಪದಾನೂ ಐತಿ."

ಹಂಪವ್ವನ ಕೈ ನಿಂತಿತು.

'ಎರಿಮಣ್ಣು' ಭಾಗ್ಯನಗರದ ನಾಲ್ಕು ಹುಡುಗರ ಬ್ಯಾಂಡು. ಮೊಬೈಲ್ ರಿಪೇರಿ ಅಂಗಡಿಯ ಮುಜೀಬ ಹಾಡುತ್ತಾನೆ, ಅವನ ಗೆಳೆಯ ಕಲ್ಲೇಶ ಗಿಟಾರು ನುಡಿಸುತ್ತಾನೆ. ಎರಡು ವರ್ಷದ ಹಿಂದೆ ಒಂದು ಕೋಣೆಯ ಬಾಗಿಲು ಹಾಕಿಕೊಂಡು ಅವರು ಮುದ್ರಿಸಿದ ಮೊದಲ ಆಲ್ಬಮ್ಮಿನ ಆರು ಹಾಡುಗಳು ಕುಷ್ಟಗಿಯಿಂದ ಗಂಗಾವತಿಯವರೆಗೆ ಹುಡುಗರ ಫೋನುಗಳಲ್ಲಿದ್ದವು. ಹೋದ ಮೊಹರಮ್ಮಿಗೆ ಮೊದಲು ಅದೇ ಮುಜೀಬ ಅಳವಂಡಿಗೆ ಬಂದು ಹಂಪವ್ವನ ಕಟ್ಟೆಯ ಮೇಲೆ ಎರಡು ದಿನ ಕೂತಿದ್ದ. ಅವಳ ಅಪ್ಪ ಹುಲಿಗೆಪ್ಪ ಮೊಹರಮ್ಮಿಗೆ ಕಟ್ಟಿದ, ಕರ್ಬಲಾದ ಕಥೆ ಹೇಳುವ ರಿವಾಯತ ಪದವನ್ನು ಅವಳ ಬಾಯಿಂದ ಹಾಡಿಸಿ ಫೋನಿನಲ್ಲಿ ತುಂಬಿಕೊಂಡಿದ್ದ.

ಎತ್ತು ಹೊಡೆಯುತ್ತಲೇ ಪದ ಕಟ್ಟಿದವನು ಹುಲಿಗೆಪ್ಪ. ಅಕ್ಷರ ಬರುತ್ತಿರಲಿಲ್ಲ. ಅವನ ಫೋಟೊ ಇಲ್ಲ, ಅವನ ಹೆಸರಿನ ಹೊಲವಿಲ್ಲ. ಪದದ ಕೊನೆಯ ನುಡಿಯಲ್ಲಿ ಮಾತ್ರ ಊರಿನ ಹೆಸರು, ಕಲಿಸಿದ ಗುರು ಬಾಬಾಸಾಬನ ಹೆಸರು, ಆಮೇಲೆ ಅವನದು. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಮೇಳಗಳು ಎದುರುಬದುರು ನಿಂತು ಹಾಡುವಾಗ ಕೊನೆಯ ನುಡಿ ಬಿಟ್ಟವನ ಕೈಯ ರುಮಾಲನ್ನು ಎದುರಿನವರು ಕಸಿದುಕೊಳ್ಳುತ್ತಾರೆ. ಅಂದಿನಿಂದ ಆ ಪದ ಅವರದು. ಹಂಪವ್ವ ಇದನ್ನೆಲ್ಲ ಮುಜೀಬನಿಗೆ ಬಿಡಿಸಿ ಹೇಳಿದ್ದಳು. "ಕೊನೀ ನುಡಿ ಬಿಡಬ್ಯಾಡೋ ತಮ್ಮಾ," ಅಂದಿದ್ದಳು. "ಬಿಡಂಗಿಲ್ಲ ಯವ್ವಾ, ಖರೇನ," ಅಂದಿದ್ದ ಅವನು.

ಹಾಡು ಶುರುವಾಯಿತು. ಮೊದಲು ಹಲಗೆಯ ಪೆಟ್ಟು, ಅದರ ಬೆನ್ನಿಗೆ ಗಿಟಾರು. ಮುಜೀಬನ ದನಿ ಏರಿತು. ಹಂಪವ್ವನ ಕಾಲು ತಾನಾಗಿ ಹೆಜ್ಜೆಯ ಲೆಕ್ಕ ಹಿಡಿಯಿತು.

"ಏನ್ ಓಡಸ್ತಾನವ್ವ," ಅಮರಮ್ಮ ನಕ್ಕಳು. "ಬೆನ್ನಿಗೆ ನಾಯಿ ಬಿದ್ದಂಗ. ಹಿಂದಿನ ಆಲ್ಬಮ್ಮಿನ ಹಾಡು ಕೇಳಿದ್ರ ನಮ್ಮ ಓಣ್ಯಾಗ ಯಾರೋ ಕುಂತು ಮಾತಾಡಿದಂಗಿತ್ತು."

"ನಿಂಗೇನ್ ತಿಳಿತೈತಿ ಚಿಗವ್ವಾ, ಇದಽ ಛಲೋ ಐತಿ," ಶ್ವೇತಾ ರೇಗಿದಳು.

"ಛಲೋನೂ ಐತಿ, ಗದ್ದಲಾನೂ ಐತಿ," ಎಂದು ಫಕೀರಮ್ಮ ಇಬ್ಬರ ಬಾಯಿಯನ್ನೂ ಮುಚ್ಚಿಸಿದಳು. "ಕೇಳಾಕ ಬಿಡ್ರಿ ಆಕೀಗಿ."

ಹಂಪವ್ವ ಕೊನೆಯ ನುಡಿಗೆ ಕಾಯುತ್ತಿದ್ದಳು. ನಾಲ್ಕನೆಯ ನುಡಿ ಆಯಿತು, ಐದು ಆಯಿತು. ಉಳಿದದ್ದು ಆರನೆಯದೊಂದೇ. ಗಿಟಾರು ಒಂದೇ ಸಮ ಅರಚಿ ನಿಂತುಬಿಟ್ಟಿತು. ಬೇರೆ ಹಾಡು ಶುರುವಾಯಿತು.

"ಮುಂದಿಂದು?"

"ಮುಗೀತ್ರಿ ದೊಡ್ಡವ್ವಾ."

"ಇನ್ನೊಮ್ಮಿ ಹಚ್ಚು."

ಹಚ್ಚಿದಳು. ಅಲ್ಲೇ ನಿಂತಿತು. ಹಾಡಿನ ಕೆಳಗೆ ಮಂದಿ ಏನು ಬರೆದಿದ್ದಾರೆ ಓದು ಎಂದಳು ಹಂಪವ್ವ. ಶ್ವೇತಾ ಒಂದೊಂದಾಗಿ ಓದಿದಳು. ಮೊದಲಿನ ಆಲ್ಬಮ್ಮಿನ ಮುಂದೆ ಇದು ನೀರು ಹಾಕಿದ ಮಜ್ಜಿಗೆ ಎಂದು ಗಂಗಾವತಿಯ ಒಬ್ಬ. ಮೈ ಜುಮ್ಮೆಂದಿತು ಎಂದು ಕುಷ್ಟಗಿಯವನು. ಹಾಡು ಉದ್ದವಾಯಿತು, ನಡುವೆಯೇ ಬಂದ್ ಮಾಡಿದೆ ಎಂದು ಮತ್ತೊಬ್ಬ. ಯಲಬುರ್ಗಿಯ ಒಬ್ಬ ಕೇಳಿದ್ದ: 'ಪದ ಯಾರದ್ರಿ?' ಕೆಳಗೆ ಎರಿಮಣ್ಣಿನವರ ಉತ್ತರ ಇತ್ತು: 'ಜನಪದ'.

"ಅಂದ್ರ?" ಹಂಪವ್ವ ಕೇಳಿದಳು.

"ಅಂದ್ರ... ಯಾರ್ ಕಟ್ಯಾರ ಅಂತ ಗೊತ್ತಿಲ್ಲದ್ದು," ಅನ್ನುವಾಗ ಶ್ವೇತಾಳ ದನಿ ಸಣ್ಣದಾಯಿತು.

ಹಂಪವ್ವ ಅಂಗೈಯ ಬಟ್ಟೆ ಬಿಚ್ಚಿ ಬದುವಿನ ಮೇಲೆ ಎಸೆದಳು. ಸಾಲು ಅರ್ಧಕ್ಕೇ ಬಿಟ್ಟು ಹೊರಟವಳನ್ನು ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಆಧಾರ್ ಕಾರ್ಡು ತೋರಿಸಿ ಕೊಪ್ಪಳದ ಬಸ್ಸು ಹತ್ತಿದಳು. ಇಳಿದವಳೇ ರೈಲು ಹಳಿ ದಾಟಿ ಭಾಗ್ಯನಗರದ ದಾರಿ ಹಿಡಿದಳು. ಕಾಲಿನ ಎರೆಮಣ್ಣು ಒಣಗಿ ರಸ್ತೆಗೆ ಉದುರುತ್ತಿತ್ತು. ದಾರಿಯುದ್ದ ಬಯ್ಗುಳ ಹೊಂದಿಸಿಕೊಂಡೇ ನಡೆದಳು.

ಮುಜೀಬ ಅಂಗಡಿಯಲ್ಲಿ ಯಾರದೋ ಫೋನು ಬಿಚ್ಚಿಟ್ಟುಕೊಂಡಿದ್ದ. ಪಕ್ಕದ ಸ್ಟೂಲಿನ ಮೇಲೆ ಕಲ್ಲೇಶ. ಇಬ್ಬರ ಮುಖವೂ ರಾತ್ರಿ ನಿದ್ದೆ ಕಾಣದವರದು.

"ಬರ್ರಿ ಬರ್ರಿ ಯವ್ವಾ," ಮುಜೀಬ ಎದ್ದು ಕುರ್ಚಿ ಎಳೆದ. "ಕೇಳಿದ್ರೇನು?"

"ಕೇಳಿದ್ನೆಪ್ಪ. ನಮ್ಮಪ್ಪನ್ನ ಎಲ್ಲಿ ಹುಗದಿ?"

ಅವನಿಗೆ ತಕ್ಷಣ ತಿಳಿಯಿತು. ಕಣ್ಣು ತಪ್ಪಿಸಿದ. "ನಾಕು ನಿಮಿಷದ ಮ್ಯಾಲ ಮಂದಿ ಕೇಳಂಗಿಲ್ಲ ಅಂತ ಸ್ಟುಡಿಯೋದವ್ರು ಅಂದ್ರು. ಐದು ನುಡಿಗೇ ಉದ್ದ ಅನ್ನಾಕ ಹತ್ಯಾರ..."

"ನಡುವಿಂದ ಒಂದ್ ನುಡಿ ಕೊಯ್ಬೇಕಿತ್ತು. ಹೆಸರಿಂದಽ ಬೇಕಾತೇನು?"

"ನಡುವಿಂದು ಕೊಯ್ದ್ರ ಕಥಿ ಹರೀತೈತಿ ಯವ್ವಾ."

"ಕಥಿ ಹರಿಯೋದು ಕಂಡ್ತು ನಿಂಗ!"

ಎದುರಿನ ಚಹಾದಂಗಡಿಯವರು ಇತ್ತ ನೋಡತೊಡಗಿದರು. ಕಲ್ಲೇಶ ಮೆತ್ತಗೆ ಬಾಯಿ ಹಾಕಿದ: "ಜನಪದ ಅಂದ್ರ ಸಣ್ಣ ಮಾತಲ್ರಿ ಅವ್ವಾರ. ದೊಡ್ಡ ಮರ್ಯಾದಿ ಅದು. ಎಲ್ಲಾರ್ದೂ ಅಂದಂಗ."

"ನೀ ಬಾರಿಸೂ ಗಿಟಾರ ಎಲ್ಲಾರ್ದೂ ಏನು? ಹಂಗಾರ ಕೊಡು ಇಲ್ಲಿ, ಒಯ್ತೀನಿ."

ಚಹಾದಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಲ್ಲೇಶ ಸ್ಟೂಲಿನ ಮೇಲೆಯೇ ಕುಗ್ಗಿದ.

ಮುಜೀಬನಿಗೂ ಈಗ ತಡೆಯಲಾಗಲಿಲ್ಲ. "ನಿನ್ನೆಯಿಂದ ಎಲ್ಲಾರೂ ನಮಗಽ ಪಾಠ ಹೇಳಾಕ ಹತ್ಯಾರ! ಹಳೇದಽ ಛಲೋ ಇತ್ತು ಅಂತಾರ. ಹಳೇದಽ ಮಾಡಿದ್ರ ಬ್ಯಾರೆ ಬರೂದಿಲ್ಲೇನು ಅಂತಿದ್ರು. ಒಂದು ವರ್ಷ ಸತ್ತೀವಿ ಯವ್ವಾ ಇದಕ್ಕ. ಪದ ಹೆಂಗಾಗೈತಿ, ಅದನ್ನರ ಹೇಳ್ರಿ."

ಹಂಪವ್ವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಛಲೋ ಆಗೈತಿ. ಹೊಲದಾಗ ನನ್ ಕಾಲು ಕುಣದಾವು. ಕೆಟ್ಟ ಹಾಡಿದ್ರ ನಾ ಬಸ್ ಹತ್ತಿ ಬರ್ತಿದ್ದಿಲ್ಲ, ಬಿಡು. ಛಲೋ ಹಾಡಿದಿ. ನಾಳೆ ನಾಕು ತಾಲ್ಲೂಕಿನ ಹುಡುಗ್ರು ನಿನ್ನಂಗಽ ಹಾಡತಾರ, ನೀ ಎಲ್ಲಿ ನಿಲ್ಲಿಸಿದೀ ಅಲ್ಲೇ ನಿಲ್ಲಸ್ತಾರ. ಆಮ್ಯಾಲ ನಾ ಹಾಡಿದ್ರ, ಈ ಮುದುಕಿ ಏನೋ ಕೂಡಿಸ್ಕೊಂಡ್ ಹಾಡ್ತಾಳ ಅಂತಾರ."

ಮುಜೀಬ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ಈಗ ಹಾಡು," ಅಂದಳು. "ಕೊನೀ ನುಡಿ. ಇಲ್ಲೇ, ಇವರ ಮುಂದಽ. ಗಿಟಾರ ಬ್ಯಾಡ."

ಅವನು ಬಾಯಿ ತೆರೆದ. "ಅಳವಂಡಿ ಎರಿಯಾಗ..." ಎಂದು ಎತ್ತಿದ. ಮತ್ತೆ ಎತ್ತಿದ. ಕಲ್ಲೇಶನ ಕಡೆ ನೋಡಿದ. ಕಲ್ಲೇಶ ನೆಲ ನೋಡುತ್ತಿದ್ದ.

"ಫೋನಿನಾಗ ಇತ್ರಿ," ಎಂದ ಕೊನೆಗೆ. "ಆ ಫೋನು ಕೆಟ್ತು. ನಾಕು ನುಡಿ ಹಾಳ್ಯಾಗ ಬರಕೊಂಡಿದ್ವಿ, ಒಂದು ಬಾಯಾಗಿತ್ತು..."

ಊರ ಮಂದಿಯ ಫೋನು ರಿಪೇರಿ ಮಾಡುವವನು. ಹಂಪವ್ವ ಅವನ ಮೇಜಿನ ಮೇಲೆ ಬಿಚ್ಚಿಟ್ಟ ಫೋನನ್ನೇ ನೋಡಿದಳು.

"ಇನ್ನೊಮ್ಮಿ ಹೇಳ್ರಿ ಯವ್ವಾ," ಮುಜೀಬ ಬೇರೆ ಫೋನು ಹಿಡಿದು ಹತ್ತಿರ ಬಂದ. "ಈಗಽ ತುಂಬ್ಕೋತೀನಿ. ಕೂಡಿಸಿ ಮತ್ತ ಬಿಡ್ತೀವಿ. ಐತವಾರ ಗಂಗಾವತಿಯಾಗ ಪ್ರೋಗ್ರಾಮ್ ಐತಿ, ಪೂರ್ತಿ ಹಾಡ್ತೀನಿ."

"ಹೇಳಂಗಿಲ್ಲ."

"ಯವ್ವಾ..."

"ಎರಡು ದಿನ ನನ್ ಬಾಯಿ ನೋಡ್ಕೋತ ಕುಂತು ಫೋನಿಗೆ ಕಲಿಸಿದಿ, ನೀ ಕಲೀಲಿಲ್ಲ. ಮೊಹರಮ್ಮಿಗೆ ಬಾ. ಕುಣಿ ಮುಂದ ರುಮಾಲ ಹಿಡದು ನಿಲ್ಲು. ಬಾಯಿಂದ ಬಾಯಿಗೆ ಕೊಡ್ತೀನಿ, ಫೋನು ಮನಿಯಾಗ ಇಟ್ ಬಾ. ಅಲ್ಲೀತನಕ ಈ ಪದ ಎಲ್ಲೂ ಹಾಡಬ್ಯಾಡ."

ಕಲ್ಲೇಶ ತಂದ ಚಹಾವನ್ನು ಮುಟ್ಟದೆ ಅವಳು ಮೆಟ್ಟಿಲಿಳಿದಳು.

ಸೋಮವಾರ ಶ್ವೇತಾ ಓಡುತ್ತ ಹಂಪವ್ವನ ಮನೆಗೆ ಬಂದಳು. ಗಂಗಾವತಿಯ ವಿಡಿಯೋ ಬಂದಿತ್ತು. ತುಂಬಿದ ಮೈದಾನ, ಬಣ್ಣದ ದೀಪ. ಮುಜೀಬ ಮೈಕಿನಲ್ಲಿ ಹೇಳುತ್ತಿದ್ದ: "ಈ ಪದ ಕಟ್ಟಿದವ್ರು ಅಳವಂಡಿ ಹುಲಿಗೆಪ್ಪಜ್ಜಾರು. ಅವ್ರ ಕೊನೀ ನುಡಿ ನನ್ ಕೈಲೆ ಕಳದ್ಹೋಗೈತಿ. ತಪ್ಪಾಗೈತ್ರಿ." ಮೈದಾನವೆಲ್ಲ ಚಪ್ಪಾಳೆ. ಸೀಟಿ.

"ಹೆಸರು ಹೇಳ್ಯಾರ ನೋಡ್ರಿ ದೊಡ್ಡವ್ವಾ!" ಶ್ವೇತಾಳ ಕಣ್ಣುಗಳು ಮಿನುಗುತ್ತಿದ್ದವು. "ಕೆಳಗ ಏನೇನ್ ಬರದಾರ! ಕೆಲವ್ರು ಅತ್ತೀವಿ ಅಂದಾರ. ಕೆಲವ್ರು ಭಾಷಣ ಜಾಸ್ತಿ ಆತು ಅಂದಾರ."

"ಆಮ್ಯಾಲ ಹಾಡಿದನೇನು?"

ಶ್ವೇತಾ ಫೋನು ಕೆಳಗಿಳಿಸಿದಳು. "ಹಾಡಿದ್ರು. ಐದು ನುಡಿ."

ಹಂಪವ್ವ ಮೊರದಲ್ಲಿನ ಜೋಳ ಬದಿಗಿಟ್ಟಳು. "ಕಳದೀನಿ ಅಂತ ಹೇಳಿ ಚಪ್ಪಾಳಿ ತಗೊಂಡ. ಹಾಡಬ್ಯಾಡ ಅಂದ್ರ ಹಾಡಿ ಮತ್ತೊಮ್ಮಿ ತಗೊಂಡ. ಬರಿ ಅದ್ರಾಗ. ನಾ ಹೇಳಿದಂಗ ಬರಿ."

ಶ್ವೇತಾ ಬರೆದಳು: 'ಹೆಸರು ಹೇಳಿದ್ದು ಕೇಳಿದೆ. ನುಡಿಯ ಬಾಕಿ ಹಾಗೇ ಇದೆ. ಮೊಹರಮ್ಮಿಗೆ ಕುಣಿಯ ಮುಂದೆ ಇರುತ್ತೇನೆ. ಹುಲಿಗೆಪ್ಪನ ಮಗಳು ಹಂಪವ್ವ, ಅಳವಂಡಿ.'

ಸಂಜೆಯ ಹೊತ್ತಿಗೆ ಹದಿನೇಳು ಮಂದಿ ಅದರ ಕೆಳಗೆ ನಗುವ ಮುಖ ಹಾಕಿದ್ದರು. ಎರಿಮಣ್ಣಿನವರ ಉತ್ತರ ಬಂದಿರಲಿಲ್ಲ.