ಹೊನ್ನಯ್ಯನ ಟಗರಿಗೆ ಸಿಕ್ಕ ಆಶ್ರಯ

ಸಂಪತ್ ಕುಮಾರರು ವಿದೇಶಾಂಗ ಇಲಾಖೆಯಲ್ಲಿದ್ದಷ್ಟು ಕಾಲ ಒಂದೇ ಮಾತನ್ನು ಬಗೆಬಗೆಯಾಗಿ ಆಡಿದ್ದರು. ಗಲ್ಲುಶಿಕ್ಷೆ ಬೇಡವೆಂದು ಪರದೇಶದವರು ಅಂತರರಾಷ್ಟ್ರೀಯ ಸಭೆಗಳಲ್ಲಿ ಎದ್ದಾಗಲೆಲ್ಲ, ನಮ್ಮ ಕಾನೂನು ನಮ್ಮದು, ನೀವು ತಲೆ ಹಾಕಬೇಡಿ ಎಂಬುದನ್ನು ಬಲು ವಿನಯದಿಂದ ಹೇಳಿ ಕೂರುವುದು ಅವರ ಕೆಲಸ. ನಿವೃತ್ತರಾದ ಮೇಲೆ ಹೆಂಡತಿ ಕನಕಲಕ್ಷ್ಮಿಯೊಡನೆ ಮಳವಳ್ಳಿಯ ಅಂಚಿನಲ್ಲಿ ಮನೆ ಮಾಡಿದರು. ಪಕ್ಕದ ಮನೆ ಹೊನ್ನಯ್ಯನದು.

ಹೊನ್ನಯ್ಯನ ಬಂಡೂರು ತಳಿಯ ಟಗರು, ಅವನ ಮಗಳನ್ನು ನೋಡಲು ಬಂದ ಬೀಗರನ್ನು ಗುದ್ದಿ ತಿಪ್ಪೆಗೆ ಕೆಡವಿತು. ಸಂಬಂಧವೇನೋ ಕುದುರಿತು, ಟಗರನ್ನು ಮಾತ್ರ ಮದುವೆಯ ಬೀಗರೂಟಕ್ಕೆ ಕೊಯ್ಯುವುದೆಂದು ಗೊತ್ತು ಮಾಡಿದರು. ಹಿಡಿಯಲು ಹೋದ ದಿನ ಅದು ಹಗ್ಗ ಕಿತ್ತುಕೊಂಡು, ಬೇಲಿ ಹಾರಿ, ಸಂಪತ್ ಕುಮಾರರ ಹಿತ್ತಲಿನ ಬಾವಿಕಟ್ಟೆಯ ಹಿಂದೆ ನಿಂತಿತು.

"ರೀ, ಅದನ್ನ ಕೊಟ್ಟುಬಿಟ್ರೆ ನಾನು ಒಲೆ ಹಚ್ಚಲ್ಲ" ಎಂದರು ಕನಕಲಕ್ಷ್ಮಿ.

ಹೊನ್ನಯ್ಯ ಬೇಲಿಯ ಬಳಿ ಬಂದ. "ಸಾರ್, ನಮ್ ಟಗ್ರು ಇತ್ಲಾಗೆ ಬುಟ್ಬುಡಿ."

"ಬಿಡ್ತೀನಿ ಹೊನ್ನಯ್ಯ. ಕೊಯ್ಯಲ್ಲ ಅಂತ ಮಾತು ಕೊಡಿ."

"ಅದೆಂಗಾದದು? ಟಗ್ರು ನಮ್ದು. ಕೊಯ್ಯೋದು ಬುಡೋದು ನಮ್ಮನೆ ಇಚಾರ. ನೀವ್ಯಾಕೆ ತಲೆ ಆಕೀರಿ?"

ಸಂಪತ್ ಕುಮಾರರ ಕಿವಿ ಬೆಚ್ಚಗಾಯಿತು. ತಮ್ಮದೇ ಭಾಷಣ, ಅದೂ ಎಷ್ಟು ಚೊಕ್ಕವಾಗಿ. ಬೇರೆ ದಾರಿ ತೋಚದೆ ಆಗಿನ ಎದುರಾಳಿಗಳ ಮಾತನ್ನೇ ಎತ್ತಿಕೊಂಡರು.

"ನಿಮ್ಮ ಮನೆ ನಿಮ್ಮದೇ. ಆದ್ರೆ ಜೀವ ಉಳಿಸಿಕೊಳ್ಳೋಕೆ ನಮ್ಮ ಹಿತ್ತಲಿಗೆ ಬಂದಿದೆ. ಸಾಯಿಸ್ತೀರಿ ಅಂತ ಗೊತ್ತಿದ್ದೂ ಒಪ್ಪಿಸಿದರೆ ನಮಗೂ ಅದರಲ್ಲಿ ಪಾಲು. ಗಲ್ಲಿಗೆ ಹಾಕಲ್ಲ ಅಂತ ಮಾತು ಕೊಡದಿದ್ರೆ ಯುರೋಪಿನ ದೇಶಗಳು ಓಡಿಬಂದ ಅಪರಾಧಿಗಳನ್ನ ಒಪ್ಪಿಸೋದಿಲ್ಲ. ಕೆಲಸದಲ್ಲಿದ್ದಾಗ ಅವರಿಗೂ ನನಗೂ ಇದೇ ಜಗಳ."

"ನೀವ್ ಒಪ್ಕೊಂಡ್ರಾ ಸಾರ್?"

ಸಂಪತ್ ಕುಮಾರರು ಟಗರಿನ ಕಡೆ ನೋಡಿದರು. "ಒಂದು ಸಲವೂ ಇಲ್ಲ."

ಹೊನ್ನಯ್ಯ ಬೇಲಿ ಹಿಡಿದುಕೊಂಡು ನಕ್ಕ. ಸುಳ್ಳು ಹೇಳದಿದ್ದುದು ಅವನಿಗೆ ಹಿಡಿಸಿರಬೇಕು. "ಓಗ್ಲಿ ಬುಡಿ, ಕೊಯ್ಯಕಿಲ್ಲ. ಆದ್ರೆ ಸಾಯೋಗಂಟ ಕೊಟ್ಗೇಲೇ ಕಟ್ಟಾಕ್ತೀನಿ. ಮೇವು ಮಾತ್ರ ನಿಮ್ದು."

ಹೀಗೆ, ಸೂಟು ತೊಟ್ಟು ದೇಶದೇಶ ತಿರುಗಿದವರು ಪಂಚೆ ಎತ್ತಿಕಟ್ಟಿ, ಹಸಿಹುಲ್ಲಿನ ಹೊರೆ ಹೊತ್ತು ದಿನಾ ಪಕ್ಕದ ಕೊಟ್ಟಿಗೆಗೆ ಹೋಗುವಂತಾಯಿತು.

ಬೀಗರೂಟದ ದಿನ ಹೊನ್ನಯ್ಯನ ಹಿತ್ತಲಿನಲ್ಲಿ ಕೋಳಿಗಳು ಅರಚಿಕೊಂಡವು. ಕನಕಲಕ್ಷ್ಮಿ ಗಂಡನ ಮುಖ ನೋಡಿದರು.

"ಅವು ಬೇಲಿ ದಾಟಿ ಬಂದಿಲ್ಲವಲ್ಲೇ" ಎನ್ನುತ್ತಾ ಸಂಪತ್ ಕುಮಾರರು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು.