ಮಂಜಿನೊಳಗಿನ ಸೇತುವೆ

ಬಾನುಲಿಯಲ್ಲಿ ಸುದ್ದಿ ಓದುತ್ತಿದ್ದ ಅವಳನ್ನು ಊರೆಲ್ಲ ದನಿಯಕ್ಕ ಎಂದೇ ಕರೆಯುತ್ತಿತ್ತು. ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಆ ಬೇಸಿಗೆಯಲ್ಲಿ ಸಂಪಾದಕ ಅವಳ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದ. ಅಂದಿನಿಂದ ಯಂತ್ರವೇ ಅವಳ ದನಿಯಲ್ಲಿ ಸುದ್ದಿ ಓದತೊಡಗಿತು.

"ನೀವಿನ್ನು ಹೊರಗಡೆ ಹೋಗಿ ಅಕ್ಕಾ. ಮೊಬೈಲಲ್ಲಿ ವಿಡಿಯೊ ಮಾಡಿ, ಫೋಟೊ ಕಳಿಸಿ. ಬರೀ ಓದಿದ್ರೆ ಈಗ ಯಾರೂ ಕೇಳಲ್ಲ," ಎಂದ.

ಈಜು ಬಾರದವಳನ್ನು ನಡುನೀರಿಗೆ ಬಿಟ್ಟಂತಾಯಿತು ಅವಳಿಗೆ.

ಬೀದಿಯಲ್ಲಿ ನಡೆದರೆ ಅಂಗಡಿ ಅಂಗಡಿಯಿಂದಲೂ ಅವಳ ದನಿಯೇ ಎದುರಾಗುತ್ತಿತ್ತು. ಗಂಟಲು ತನ್ನದು, ಮಾತು ಮಾತ್ರ ತಾನೆಂದೂ ಆಡದ್ದು. ಯಾರದೋ ಕನಸಿನೊಳಗೆ ದಾರಿ ತಪ್ಪಿದೆನೇನೋ ಎನಿಸಿ ಹೆಜ್ಜೆ ನಿಧಾನವಾಗುತ್ತಿತ್ತು.

ಚಳಿಗಾಲದ ಒಂದು ಮುಂಜಾನೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಬೀದಿದೀಪಗಳು ಹಾಲಿನಲ್ಲಿ ಅದ್ದಿದಂತೆ ತೇಲುತ್ತಿದ್ದವು. ಕ್ಷೌರದಂಗಡಿಯ ರೇಡಿಯೊ ಅವಳ ದನಿಯಲ್ಲೇ ಹೇಳಿತು: "ಹೊಳೆಯ ಸೇತುವೆ ನಡುವೆ ಮುರಿದುಬಿದ್ದಿದೆ."

ಅವಳ ಅಮ್ಮ ಇರುವುದು ಆಚೆ ದಡದಲ್ಲಿ. ಬಿದ್ದೆನೋ ಎದ್ದೆನೋ ಎಂದು ಓಡಿದಳು.

ಸೇತುವೆಯ ಬುಡದಲ್ಲಿ ಕಾವಲುಗಾರ ನಿಶ್ಚಿಂತೆಯಿಂದ ಟೀ ಹೀರುತ್ತಿದ್ದ. "ಮುರಿಯೋದಾ? ನಾನೀಗ ಆ ಕಡೆಯಿಂದಲೇ ನಡ್ಕೊಂಡು ಬಂದೆ! ಯಾರೋ ಫೋಟೊ ತೆಗೆದು ಫೋನಲ್ಲಿ ಹಾಕಿದ್ದಾರಂತೆ. ನಡುಭಾಗಾನ ಮಂಜು ನುಂಗಿದೆ, ಅಷ್ಟೇ."

ಸಂಪಾದಕ ಫೋನ್ ಎತ್ತಲಿಲ್ಲ. ಅವಳು ಮೊಬೈಲಿನಲ್ಲಿ ನೇರಪ್ರಸಾರ ಶುರುಮಾಡಿ ಸೇತುವೆಗೆ ಕಾಲಿಟ್ಟಳು. "ನಾನಿಲ್ಲೇ ಇದ್ದೀನಿ. ನಡೀತಾ ಇದ್ದೀನಿ. ಕೆಳಗೆ ನೀರಿನ ಸದ್ದು ಕೇಳಿಸ್ತಿದೆ, ನೀರು ಕಾಣ್ತಿಲ್ಲ..." ಸ್ವಲ್ಪ ದೂರದಲ್ಲಿ ಹಿಂದಿನ ದಡ ಕರಗಿತು, ಮುಂದಿನದು ಇನ್ನೂ ಹುಟ್ಟಿರಲಿಲ್ಲ. ಕೈಗೆ ಸಿಕ್ಕುತ್ತಿದ್ದುದು ತಣ್ಣನೆಯ ಕಂಬಿಯೊಂದೇ. ಭಯವಾಗಬೇಕಿತ್ತು, ಆದರೆ ಮೈ ಹಗುರಾಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಇಷ್ಟು ವರ್ಷ ಸುದ್ದಿಯಲ್ಲಿ ಓದಿದ ಹೊಳೆ ಇದೇ ಏನು ಎಂದುಕೊಂಡಳು.

ಆಚೆ ದಡದಲ್ಲಿ ಜನ ಗುಂಪುಗೂಡಿದ್ದರು. ಮೊಬೈಲಿನಲ್ಲಿ ಅವಳ ನೇರಪ್ರಸಾರ ನೋಡುತ್ತಿದ್ದವರು, ಅವಳು ಮಂಜಿನಿಂದ ಮೂಡಿಬಂದೊಡನೆ ಸುತ್ತುವರಿದರು.

"ಮುರಿದಿದೆ ಅಂದೋರೂ ನೀವೇ, ಇಲ್ಲ ಅನ್ನೋರೂ ನೀವೇ. ಯಾವುದನ್ನ ನಂಬೋದು?" ಎಂದು ಮುದುಕರೊಬ್ಬರು ಗದರಿದರು.

"ಆ ರೇಡಿಯೊ ದನಿ ನನ್ನದೇ ಅಜ್ಜಾ. ಮಾತು ನನ್ನದಲ್ಲ," ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು.

ಗುಂಪನ್ನು ಸೀಳಿಕೊಂಡು ಅಮ್ಮ ಬಂದಳು. "ಈಗ ಕೆಮ್ಮಿದೋಳು ನನ್ನ ಮಗಳು ಕಣ್ರೀ! ಹುಟ್ಟಿದಾಗಿಂದ ಇವಳಿಗೆ ಮಂಜು ಅಂದ್ರೆ ಆಗಲ್ಲ. ಆ ರೇಡಿಯೊದೋಳು ಒಂದು ಸಲಾನೂ ಕೆಮ್ಮಿಲ್ಲ," ಎಂದು ತನ್ನ ಶಾಲನ್ನೇ ತೆಗೆದು ಮಗಳಿಗೆ ಹೊದಿಸಿದಳು.

ಜನ ನಕ್ಕರು. ಕೆಲಸಕ್ಕೆ ತಡವಾಗಿದ್ದ ನರ್ಸ್ ಒಬ್ಬಳು ಮೊದಲು ಸೇತುವೆಗೆ ಕಾಲಿಟ್ಟಳು, ಹಿಂದೆಯೇ ಉಳಿದವರು.

ಮಧ್ಯಾಹ್ನ ಸಂಪಾದಕ ತಲೆ ತಗ್ಗಿಸಿದ. "ಫೋಟೊ ನೋಡಿ ಮೋಸಹೋದೆ ಅಕ್ಕಾ. ನಾಳೆಯಿಂದ ನೀವೇ ಓದಿ."

"ಯಂತ್ರದಿಂದ ನನ್ನ ದನಿ ತೆಗೆಸು," ಎಂದಳು ಅವಳು. "ಓದೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ. ನನಗೆ ಹೊರಗಡೆ ಕೆಲಸ ಇದೆ."