ಶ್ರವಣ್ ಹಾಕಬೇಕಾಗಿದ್ದ ತಪ್ಪು ಕಾಣಿಕೆ

ಜೆಪ್ಪುವಿನ ಸ್ವರ್ಣಲತಾಳ ಮಗ ಶ್ರವಣನಿಗೆ ಹೊಟ್ಟೆನೋವು. ಹತ್ತನೇ ಕ್ಲಾಸಿನ ಹುಡುಗ. ನೋವು ಬರುವುದು ಸೋಮವಾರದಿಂದ ಶನಿವಾರದವರೆಗೆ, ಬೆಳಗ್ಗೆ ಯೂನಿಫಾರ್ಮ್ ಹಾಕುವ ಹೊತ್ತಿಗೆ. ಭಾನುವಾರ ನೋವಿಗೂ ರಜೆ. ಸ್ವರ್ಣಲತಾ ಓಮದ ಕಷಾಯ ಕೊಟ್ಟಳು, ಉಪ್ಪು ಮೆಣಸು ನಿವಾಳಿಸಿ ದೃಷ್ಟಿ ತೆಗೆದಳು, ಅತ್ತಾವರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಇರಬೇಕಾದ ಅನ್ನವೂ ಸರಿಯಾಗಿ ಇರಲಿಲ್ಲ.

"ಶಾಲೆಗೆ ಹೋಗ್ಲಿಕ್ಕೆ ಉದಾಸೀನ, ಅಷ್ಟೇ," ಎಂದ ಗಂಡ ಮೋಹನದಾಸ. ಅವನದು ಸಣ್ಣದೊಂದು ಹೋಟೆಲು. ಬೆಳಗ್ಗೆ ಐದಕ್ಕೆ ಬಾಗಿಲು ತೆರೆಯುವ ಮನುಷ್ಯನಿಗೆ ಮಗನ ಮುಖ ನೋಡಲು ಸಿಗುವುದೇ ಅಪರೂಪ.

ಶಾಲೆಯಿಂದ ಫೋನ್ ಬಂದ ದಿನ ನಿಜ ಗೊತ್ತಾಯಿತು. ಶ್ರವಣನ ಬೆಂಚಿನಲ್ಲೇ ಕೂರುವ ಹುಡುಗ ತುಷಾರ್. ಕುಲಶೇಖರದವನು, ಎಂಟನೇ ಕ್ಲಾಸಿನಿಂದ ಜೀವದ ಗೆಳೆಯ. "ನೀನು ರಜೆ ಹಾಕಿದ್ರೆ ನನಗೆ ಕ್ಲಾಸೇ ಬೇಡ ಅನ್ನಿಸ್ತದೆ. ಇದು ಬರೀ ಫ್ರೆಂಡ್‌ಶಿಪ್ ಅಲ್ಲ ಅಂತ ಕಾಣ್ತದೆ" ಎಂದು ಶ್ರವಣ್ ಅವನಿಗೊಂದು ಮೆಸೇಜ್ ಕಳಿಸಿದ್ದ. "ನನಗೂ ಹಾಗೆಯೇ" ಎಂದು ತುಷಾರ್ ಬರೆದಿದ್ದ. ಅಷ್ಟೇ ನಡೆದದ್ದು. ಯಾರೋ ಅದರ ಫೋಟೊ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು.

ಮರುದಿನದಿಂದ ಅವರ ಬೆಂಚಿನ ಮೇಲೆ ದಿನಾ ಎರಡು ಬಳೆ. ಶ್ರವಣ್ ನೀರು ಕುಡಿದ ನಲ್ಲಿಯನ್ನು ತೊಳೆದು ಕುಡಿಯುವ ನಾಟಕ. ಗ್ರೌಂಡಿನಲ್ಲಿ ಪಿ.ಟಿ. ಮಾಸ್ಟ್ರು, "ಏ, ಸ್ವಲ್ಪ ಗಂಡಸಿನ ಹಾಗೆ ಓಡು ಮಾರಾಯ" ಎಂದಾಗ ಇಡೀ ಕ್ಲಾಸು ನಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ತುಷಾರನ ತಂದೆ ಟಿ.ಸಿ. ತೆಗೆದುಕೊಂಡು, ವಾರದೊಳಗೆ ಅವನನ್ನು ಘಟ್ಟದ ಮೇಲಿನ ಯಾವುದೋ ಹಾಸ್ಟೆಲಿಗೆ ಸೇರಿಸಿದರು. ಫೋನ್ ಕಿತ್ತುಕೊಂಡರು. ಯಾವ ಊರೆಂದು ಯಾರಿಗೂ ಹೇಳಲಿಲ್ಲ.

ಸ್ವರ್ಣಲತಾಳಿಗೆ ಆಗ ಒಂದು ಸಂಜೆ ನೆನಪಾಯಿತು. ಅವಳು ಬಂಗುಡೆ ಮೀನು ಸರಿ ಮಾಡುತ್ತಿದ್ದಳು. ಶ್ರವಣ್ ಬಾಗಿಲಿಗೆ ಒರಗಿ ನಿಂತು, "ಅಮ್ಮ, ನಾನು ಬೇರೆ ಹುಡುಗರ ಹಾಗೆ ಅಲ್ಲ ಅಂತ ಕಾಣ್ತದೆ" ಎಂದು ಶುರು ಮಾಡಿದ್ದ. "ಅದೆಲ್ಲ ಎಂತ ಮಾತು? ಅಪ್ಪನ ಕಿವಿಗೆ ಬಿದ್ರೆ ಕೊಲ್ತಾರೆ. ಹೋಗಿ ಓದು!" ಎಂದು ಅವಳು ಅಟ್ಟಿದ್ದಳು. ಅವನು ಮತ್ತೆ ಬಾಯಿ ಬಿಡಲಿಲ್ಲ.

ಸುದ್ದಿ ಮನೆಯೊಳಗೆ ನಿಲ್ಲುತ್ತದೆಯೇ? ಎರಡೇ ದಿನದಲ್ಲಿ ಸ್ವರ್ಣಲತಾಳ ಅಣ್ಣ ಭುಜಂಗಣ್ಣ ಬಂದರು. ಅವರಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಸೋದರಮಾವನ ಮಾತಿಗೆ ತಂದೆಯ ಮಾತಿಗಿಂತ ಒಂದು ತೂಕ ಹೆಚ್ಚು. ಭುಜಂಗಣ್ಣ ಚಾ ಕುಡಿದು, ಲೋಟ ಕೆಳಗಿಟ್ಟು, ತೀರ್ಪು ಕೊಟ್ಟರು.

"ಸಂಕ್ರಮಣಕ್ಕೆ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಉಂಟಲ್ಲ. ಇವ ಬಂದು ಎಲ್ಲರ ಎದುರು ತಪ್ಪು ಕಾಣಿಕೆ ಹಾಕ್ಲಿ. ತಪ್ಪಾಯ್ತು, ಇನ್ನು ಹಾಗೆ ಇರುವುದಿಲ್ಲ ಅಂತ ಹೇಳ್ಲಿ. ದೈವ ಸರಿ ಮಾಡ್ತದೆ."

ತಪ್ಪು ಮಾಡಿದವರು ದೈವದ ಎದುರು ನಾಣ್ಯ ಇಟ್ಟು ಕ್ಷಮೆ ಕೇಳುವುದು ಆ ಕುಟುಂಬದಲ್ಲಿ ಅಜ್ಜನ ಕಾಲದಿಂದ ಬಂದ ಪದ್ಧತಿ. "ಹೌದು, ಅದೇ ಒಳ್ಳೆಯದು," ಎಂದ ಮೋಹನದಾಸ. ಅವನಿಗೆ ದೊಡ್ಡ ಭಾರ ಇಳಿದಂತಾಯಿತು.

ಮೂಲೆಯಲ್ಲಿ ನಿಂತಿದ್ದ ಶ್ರವಣ್ ಮೆಲ್ಲಗೆ ಕೇಳಿದ. "ಎಂತ ತಪ್ಪು ಅಂತ ಹೇಳ್ಬೇಕು ಮಾವ?"

"ಎದುರು ಮಾತಾಡ್ಬೇಡ!"

ಮಗ ಅಮ್ಮನನ್ನು ನೋಡಿದ. ಅಮ್ಮ ನೆಲ ನೋಡಿದಳು. ಅಂದಿನಿಂದ ಅವನು ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. ಸಂಕ್ರಮಣಕ್ಕೆ ಒಂಬತ್ತು ದಿನ ಇತ್ತು.

ಆ ಭಾನುವಾರ ಸ್ವರ್ಣಲತಾಳ ಸ್ವಸಹಾಯ ಸಂಘದ ಸಭೆ. ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾಗಿರುವ ರಂಜಿನಿ ಬಂದಿದ್ದರು. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಒಂದು ಸಿನಿಮಾ ತೋರಿಸಿದರು; ಕಾಲೇಜು ಮಕ್ಕಳು ಸೇರಿ ಮಾಡಿದ್ದಂತೆ. ಕಥೆಯಲ್ಲಿ ಇಬ್ಬರು ಹೈಸ್ಕೂಲು ಹುಡುಗರು. ದಿನಾ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಹೋಗುತ್ತಾರೆ, ಒಂದು ಪ್ಲೇಟು ಗೋಳಿಬಜೆಯನ್ನು ಇಬ್ಬರೂ ತಿನ್ನುತ್ತಾರೆ. ಒಬ್ಬನಿಗೆ ಇನ್ನೊಬ್ಬನ ಮೇಲೆ ಪ್ರೀತಿ ಎಂದು ಗೊತ್ತಾದಾಗ ಸಭೆಯಲ್ಲಿ ಕೆಲವರು ಕಿಸಕ್ಕನೆ ನಕ್ಕರು. ಶಾಲೆಯ ಹುಡುಗರು ಅವನ ಅಂಗಿಯ ಬೆನ್ನಿಗೆ ಪೆನ್ನಿನಲ್ಲಿ ಹೊಲಸು ಬರೆದಾಗ ನಗು ಕಡಿಮೆಯಾಯಿತು. ಬೆಳಗ್ಗೆ ಆ ಹುಡುಗ ಕನ್ನಡಿಯ ಎದುರು ಹೊಟ್ಟೆ ಹಿಡಿದು ನಿಂತಾಗ, ಪರದೆಯ ಮೇಲಿನ ಅಮ್ಮ ಅವನಿಗೆ ಕಷಾಯ ತಂದುಕೊಟ್ಟಳು. ಸ್ವರ್ಣಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿನಿಮಾ ಮುಗಿಯುವುದು ಪರೀಕ್ಷೆಯ ಹಾಲ್‌ನಲ್ಲಿ. ಎಲ್ಲರೂ ಬರೆಯುತ್ತಿದ್ದಾರೆ, ಆ ಹುಡುಗನ ಕುರ್ಚಿ ಮಾತ್ರ ಖಾಲಿ.

ಲೈಟ್ ಹಾಕಿದ ಮೇಲೆ ಹಿಂದಿನ ಸಾಲಿನ ಹೆಂಗಸೊಬ್ಬರು ಕೇಳಿದರು. "ಇದೆಲ್ಲ ಮೊಬೈಲ್ ನೋಡಿ ಬಂದದ್ದಲ್ವಾ ಮೇಡಂ?"

"ಮೊಬೈಲ್ ಇಲ್ಲದ ಕಾಲದಲ್ಲೂ ಇಂಥವರು ಇದ್ರು ಅಕ್ಕ. ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ, ಅಷ್ಟೇ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಮೊದಲು ಬೆರಳಿಗೆ ಹೊಡೆದು ಬಲಗೈಯಲ್ಲಿ ಬರೆಸ್ತಿದ್ರು, ನೆನಪುಂಟಾ? ಹಾಗೆಯೇ ಇದು."

ಸ್ವರ್ಣಲತಾ ಕೇಳಿದಳು. "ಕಾಯಿಲೆ ಅಲ್ವಾ? ಮದ್ದು ಉಂಟಂತೆ?"

"ಕಾಯಿಲೆಯೇ ಅಲ್ಲ ಅಂದ ಮೇಲೆ ಮದ್ದು ಎಲ್ಲಿಂದ? ಸರಿ ಮಾಡ್ತೇನೆ ಅಂತ ಯಾವ ಡಾಕ್ಟ್ರಾದ್ರೂ ಚಿಕಿತ್ಸೆ ಕೊಟ್ರೆ ಅದು ಅವರದ್ದೇ ತಪ್ಪು. ಇದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟು ಕೂಡ ೨೦೧೮ರಲ್ಲೇ ಹೇಳಿ ಆಗಿದೆ. ಆ ಹುಡುಗನ ಅಂಗಿಗೆ ಹೊಲಸು ಬರೆದದ್ದು, ಅವನನ್ನು ದಿನಾ ಹಿಂಸೆ ಮಾಡಿದ್ದು, ತಪ್ಪು ಇರುವುದು ಅಲ್ಲಿ."

ಎಲ್ಲರೂ ಹೋದ ಮೇಲೆ ಸ್ವರ್ಣಲತಾ ಉಳಿದಳು. ಬಳೆಯ ವಿಷಯ, ತುಷಾರನ ವಿಷಯ, ಸಂಕ್ರಮಣದ ವಿಷಯ ಒಂದೂ ಬಿಡದೆ ಹೇಳಿದಳು. "ದೈವದ ಹತ್ತಿರ ಬೇಡಿಕೊಂಡ್ರೆ ಆಗದಾ ಮೇಡಂ?"

"ಬೇಡಿಕೊಳ್ಳಿ ಅಕ್ಕ, ನಾನು ಬೇಡ ಹೇಳುವುದಿಲ್ಲ. ಆದ್ರೆ ಮಾಡದ ತಪ್ಪನ್ನು ಮಗುವಿನ ಬಾಯಿಂದ ಒಪ್ಪಿಸ್ಬೇಡಿ. ಆಮೇಲೆ ತಾನು ಹುಟ್ಟಿದ್ದೇ ತಪ್ಪು ಅಂತ ಅವ ತಿಳ್ಕೊಳ್ತಾನೆ. ಹಾಗೆ ತಿಳ್ಕೊಂಡ ಮಕ್ಕಳಲ್ಲಿ ಕೆಲವರು ಈಗ ನಮ್ಮೊಟ್ಟಿಗಿಲ್ಲ."

"ಮತ್ತೆ ನಾನೆಂತ ಮಾಡ್ಲಿ?"

"ಹೋಗಿ ಅವನ ಹತ್ತಿರ ಕೂತುಕೊಳ್ಳಿ. ಬೈಯಬೇಡಿ, ಬುದ್ಧಿ ಹೇಳ್ಬೇಡಿ. ಅವ ಹೇಳುವವರೆಗೆ ಕಾಯಿರಿ. ಶಾಲೆಗೆ ಬರೆದು ದೂರು ಕೊಡುವ ಕೆಲಸ ಆಮೇಲೆ, ನಾನೂ ಬರ್ತೇನೆ."

ಸ್ವರ್ಣಲತಾ ಮನೆಗೆ ಬಂದು ಮಗನ ಮಂಚದ ತುದಿಯಲ್ಲಿ ಕೂತಳು. "ಆವತ್ತು ನೀನು ಹೇಳ್ಲಿಕ್ಕೆ ಬಂದದ್ದು ಇದೇ ಅಲ್ವಾ ಮಗಾ?" ಎಂದಳು. ಶ್ರವಣ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಅವಳು ಎದ್ದು ಹೋಗದೆ ಕೂತೇ ಇದ್ದಳು. ಅವನು ತಿರುಗದೆಯೇ ಹೇಳಿದ. "ಕೆಲವು ದಿನ ಬೆಳಗ್ಗೆ ಏಳುವುದೇ ಬೇಡ ಅನ್ನಿಸ್ತದೆ ಅಮ್ಮ. ತುಷಾರ್ ಎಲ್ಲಿದ್ದಾನೆ ಅಂತಾದ್ರೂ ಗೊತ್ತಿದ್ರೆ..." ಸ್ವರ್ಣಲತಾ ಅವನನ್ನು ಎಳೆದು ಎದೆಗೆ ಒತ್ತಿಕೊಂಡು ಅತ್ತಳು. ಹೆತ್ತ ಹೊಟ್ಟೆಗೆ ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿಲ್ಲ. ಮರುದಿನವೇ ಅವನನ್ನು ರಂಜಿನಿಯವರ ಹತ್ತಿರ ಕರೆದುಕೊಂಡು ಹೋದಳು.

ಮೋಹನದಾಸನಿಗೆ ಎಲ್ಲ ಬಿಡಿಸಿ ಹೇಳಿದಾಗ ಅವನು ತಲೆ ತಗ್ಗಿಸಿದ. "ನಿನ್ನ ಅಣ್ಣನಿಗೆ ಎದುರು ಹೇಳುವವರು ಯಾರು? ನನಗಂತೂ ಧೈರ್ಯ ಇಲ್ಲ ಮಾರಾಯ್ತಿ."

ಸಂಕ್ರಮಣದ ದಿನ ಮೂವರೂ ಹೋದರು. ಕುಟುಂಬದ ಮನೆಯಲ್ಲಿ ನಲವತ್ತು ಜನ. ದೈವದ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ತಂಬಿಲ ಮುಗಿದ ಕೂಡಲೇ ಭುಜಂಗಣ್ಣ ಶ್ರವಣನ ಕೈಗೆ ಒಂದು ನಾಣ್ಯ ಕೊಟ್ಟರು. "ಬಾ, ಎದುರು ಬಾ." ಹುಡುಗ ಎದುರು ಬಂದ. ಮಾವಂದಿರು, ದೊಡ್ಡಮ್ಮಂದಿರು, ಅವನ ಪ್ರಾಯದ ಮಕ್ಕಳು, ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಸ್ವರ್ಣಲತಾ ಮುಂದೆ ಬಂದು ಮಗನ ಅಂಗೈಯಿಂದ ಆ ನಾಣ್ಯ ತೆಗೆದುಕೊಂಡಳು. ಬಾಗಿ ದೈವದ ಎದುರು ಇಟ್ಟಳು.

"ಈ ತಪ್ಪು ಕಾಣಿಕೆ ನನ್ನದು," ಎಂದಳು. "ಮಗ ಹೇಳ್ಲಿಕ್ಕೆ ಬಂದಾಗ ಬಾಯಿ ಮುಚ್ಚಿಸಿದವಳು ನಾನು. ಶಾಲೆಯಲ್ಲಿ ಅವನ ಜೀವ ತಿನ್ನುವಾಗ ಕಷಾಯ ಕುಡಿಸಿ ಕಳಿಸಿದವಳು ನಾನು. ತಪ್ಪಾಯ್ತು. ಅವ ಹೇಗೆ ಹುಟ್ಟಿದ್ದಾನೋ ಹಾಗೆಯೇ ಈ ಕುಟುಂಬದ ಮಗ. ಅವನ ತಪ್ಪು ಇಲ್ಲಿ ಎಂತದೂ ಇಲ್ಲ."

"ನಿನಗೆ ತಲೆ ಸರಿ ಉಂಟಾ?" ಎಂದು ಭುಜಂಗಣ್ಣ ಗುಡುಗಿದರು.

ಆಗ ಮೋಹನದಾಸ ಬಂದು ಮಗನ ಪಕ್ಕದಲ್ಲಿ ನಿಂತ. ಅವನ ಸ್ವರ ಅಷ್ಟು ಗಟ್ಟಿ ಇರಲಿಲ್ಲ. "ಸಾಕು ಭಾವ. ಅವಳು ಹೇಳಿದ್ದು ಸರಿ ಉಂಟು."

ಮೂವರೂ ಊಟ ಮಾಡದೆ ಹೊರಟರು. ಭುಜಂಗಣ್ಣ ಇವತ್ತಿಗೂ ತಂಗಿಯ ಮನೆಗೆ ಬರುವುದಿಲ್ಲ. ಮರುದಿನ ಮೋಹನದಾಸ ಹೋಟೆಲು ಮುಚ್ಚಿ, ರಂಜಿನಿಯವರೊಂದಿಗೆ ಶಾಲೆಗೆ ಹೋಗಿ ದೂರು ಬರೆದುಕೊಟ್ಟ. ಬಳೆ ನಿಂತಿತು. ಪಿ.ಟಿ. ಮಾಸ್ಟ್ರು ಅರೆಮನಸ್ಸಿನಿಂದಾದರೂ ಕ್ಷಮೆ ಕೇಳಿದರು. ಶ್ರವಣ್ ಶಾಲೆಗೆ ಹೋಗುತ್ತಿದ್ದಾನೆ. ಬೆಂಚಿನಲ್ಲಿ ಅವನೊಬ್ಬನೇ.

ಸ್ವರ್ಣಲತಾ ತುಷಾರನನ್ನು ಹುಡುಕಿಕೊಂಡು ಕುಲಶೇಖರಕ್ಕೂ ಹೋದಳು. ಅವನ ತಾಯಿ ಗ್ರಿಲ್ಲಿನ ಬಾಗಿಲು ತೆರೆಯದೆ ಒಳಗಿನಿಂದಲೇ ಮಾತಾಡಿದರು. "ವಾರಕ್ಕೊಮ್ಮೆ ಹಾಸ್ಟೆಲಿನ ಫೋನಿಗೆ ಬರ್ತಾನೆ ಅಕ್ಕ. ಎಂತ ಕೇಳಿದ್ರೂ ಹೂಂ ಅಂತಾನೆ. ಮೊದಲು ಎಷ್ಟು ಮಾತಾಡ್ತಿದ್ದ ಗೊತ್ತುಂಟಾ?" ಅಷ್ಟು ಹೇಳಿ ಒಳಗೆ ಹೋದರು.

ಇದನ್ನು ಓದುತ್ತಿರುವ ಅಮ್ಮ, ಅಪ್ಪ, ಮಾವ, ಮಾಸ್ಟ್ರೇ, ನಿಮ್ಮ ಮನೆಯಲ್ಲೋ ಕ್ಲಾಸಿನಲ್ಲೋ ಇಂಥ ಮಗು ಇರಬಹುದು. ಅದನ್ನು ಸರಿ ಮಾಡಲು ಎಲ್ಲಿಗೂ ಕರೆದುಕೊಂಡು ಹೋಗಬೇಡಿ, ಅದು ಕೆಟ್ಟಿಲ್ಲ. ಶಾಲೆಯಲ್ಲಿ ಹಿಂಸೆಯಾಗುತ್ತಿದ್ದರೆ ಬರೆದು ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ಉಂಟು. ಬದುಕು ಬೇಡ ಎಂಬ ಮಾತು ಬಂದರೆ ಒಂದು ಗಳಿಗೆಯೂ ತಡ ಮಾಡದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಎಲ್ಲಕ್ಕಿಂತ ಮೊದಲು, ಮಗು ಬಾಯಿ ತೆರೆದಾಗ ಕಿವಿ ಕೊಡಿ. ಒಮ್ಮೆ 'ಹೂಂ' ಎನ್ನಲು ಕಲಿತ ಮಗುವಿನಿಂದ ಮತ್ತೆ ಮಾತು ಹೊರಡಿಸುವುದು ಬಹಳ ಕಷ್ಟ.